ಛಾಯಾಚಿತ್ರವೂ ಅದರ ಜೊತೆಯ ಮಾತೂ

ಛಾಯಾಚಿತ್ರವನ್ನು ತೆಗೆಯುವುದು ಒಂದು ಕೆಲಸ. ಅದನ್ನು ಬಲ್ಲವರ ಮುಂದಿಡುವುದು ಮತ್ತೊಂದು. ಮೊದಲನೆಯದಕ್ಕೆ ಕ್ಷಣಾರ್ಧ ಸಾಕು. ಎರಡನೆಯದಕ್ಕೆ ವಿವೇಚನೆಯೂ ವಿನಯವೂ ಬೇಕು. ಮೊಬೈಲು ಹಿಡಿದ ಪ್ರತಿಯೊಬ್ಬರೂ ಚಿತ್ರ ತೆಗೆದು ಹತ್ತು ಜನರಿಗೆ ಕಳುಹಿಸುವ ಈ ಕಾಲದಲ್ಲಿ, ಎರಡನೆಯ ಕೆಲಸದ ಕಡೆಗೆ ಗಮನ ಹರಿಸುವುದು ಅವಶ್ಯವಾಗಿದೆ.

1839ರಲ್ಲಿ ಫ್ರಾನ್ಸಿನ ಡಾಗೇರ್ ಲೋಕಕ್ಕೆ ಪರಿಚಯಿಸಿದ ವಿಧಾನದಲ್ಲಿ ಬೆಳ್ಳಿಯ ಲೇಪವಿದ್ದ ತಾಮ್ರದ ತಗಡಿನ ಮೇಲೆ ಒಂದೇ ಒಂದು ಚಿತ್ರ ಮೂಡುತ್ತಿತ್ತು. ಇಂಗ್ಲೆಂಡಿನ ಟಾಲ್ಬಟ್ 1841ರಲ್ಲಿ ಹಕ್ಕುಪತ್ರ ಪಡೆದ ವಿಧಾನದಲ್ಲಾದರೋ ಒಂದು ಕಾಗದದ ನೆಗೆಟಿವಿನಿಂದ ಹಲವು ಪ್ರತಿಗಳನ್ನು ತೆಗೆಯಬಹುದಾಗಿತ್ತು. ಚಿತ್ರವು ಹಲವರ ಕೈಸೇರುವ ದಾರಿ ಹೀಗೆ ತೆರೆಯಿತು. ಅದೇ ಟಾಲ್ಬಟ್ 1844ರಿಂದ 1846ರವರೆಗೆ 'ದಿ ಪೆನ್ಸಿಲ್ ಆಫ್ ನೇಚರ್' ಎಂಬ ಗ್ರಂಥವನ್ನು ಬಿಡಿಭಾಗಗಳಾಗಿ ಪ್ರಕಟಿಸಿದನು. ಅದರಲ್ಲಿದ್ದ 24 ಛಾಯಾಚಿತ್ರಗಳ ಜೊತೆಗೆ ಅವನ ವಿವರಣೆಯೂ ಇತ್ತು. ಚಿತ್ರಕ್ಕೆ ಮಾತಿನ ಆಸರೆ ಬೇಕೆಂಬುದನ್ನು ಈ ಕಲೆಯ ಮೂಲಪುರುಷರಲ್ಲೊಬ್ಬನೇ ಮನಗಂಡಿದ್ದನು.

ಈ ಮಾತಿನ ಬೆಲೆಯನ್ನು ತಿಳಿಯಲು ನಮ್ಮ ಹಂಪೆಯೇ ಸಾಕ್ಷಿ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಅಲ್ಲಿನ ಸ್ಮಾರಕಗಳನ್ನು ಕಾಗದದ ನೆಗೆಟಿವುಗಳಲ್ಲಿ ಸೆರೆಹಿಡಿದನು. 1983ರಲ್ಲಿ ಆಸ್ಟ್ರೇಲಿಯದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ ಅವೇ ಸ್ಥಳಗಳಲ್ಲಿ ನಿಂತು ಅವೇ ನೋಟಗಳನ್ನು ಮತ್ತೆ ತೆಗೆದರು. ವಿಠ್ಠಲ ದೇವಾಲಯದ ಕಲ್ಲಿನ ರಥದ ಮೇಲೆ ಒಮ್ಮೆ ಇಟ್ಟಿಗೆಯ ಶಿಖರವಿತ್ತೆಂಬುದನ್ನು ಗ್ರೀನ್‌ಲಾನ ಚಿತ್ರ ಕಣ್ಣಿಗೆ ಕಟ್ಟುವಂತೆ ತೋರಿಸುತ್ತದೆ. ಇಂದು ಆ ಶಿಖರವಿಲ್ಲ. ಸ್ಥಳವೂ ಕಾಲವೂ ತಿಳಿದಿರುವುದರಿಂದಲೇ ಇಂಥ ಹೋಲಿಕೆ ಸಾಧ್ಯವಾಯಿತು. ಅವು ತಿಳಿಯದಿದ್ದರೆ ಅದು ಯಾವುದೋ ಹಾಳುಗುಡಿಯ ಚಿತ್ರವಾಗಿ ಉಳಿಯುತ್ತಿತ್ತು.

ಆದುದರಿಂದ ಚಿತ್ರವನ್ನು ಪರರ ವಿಮರ್ಶೆಗೆ ಒಪ್ಪಿಸುವವರು ಮೊದಲು ಹತ್ತರಲ್ಲಿ ಒಂದನ್ನು ಆರಿಸಬೇಕು. ಹತ್ತನ್ನೂ ಸುರಿದರೆ ನೋಡುವವರು ಒಂದನ್ನೂ ನೋಡುವುದಿಲ್ಲ. ಬಳಿಕ ಸ್ಥಳ, ದಿನಾಂಕ, ಬೆಳಕಿನ ಸ್ವರೂಪ, ಮಸೂರದ ಕಿಂಡಿ ಎಷ್ಟು ತೆರೆದಿತ್ತು, ಷಟರು ಎಷ್ಟು ಹೊತ್ತು ತೆರೆದಿತ್ತು ಎಂಬುದನ್ನು ತಿಳಿಸಬೇಕು. "ಹೇಗಿದೆ?" ಎಂದಷ್ಟೇ ಕೇಳಿದರೆ "ಚೆನ್ನಾಗಿದೆ" ಎಂಬ ಉತ್ತರವಷ್ಟೇ ದೊರೆಯುತ್ತದೆ. ಹಾರುವ ಹಕ್ಕಿಯ ರೆಕ್ಕೆ ಮಸುಕಾದುದೇಕೆ ಎಂದು ಕೇಳಿ, ಷಟರಿನ ವೇಗ ಸೆಕೆಂಡಿನ 1/60 ಭಾಗವೆಂದು ತಿಳಿಸಿದರೆ, 1/1000 ಭಾಗದಲ್ಲಿ ಪ್ರಯತ್ನಿಸಿರೆಂದು ಬಲ್ಲವರು ಹೇಳಬಲ್ಲರು. ವಿಮರ್ಶಕನೂ ದೋಷವನ್ನು ತೋರಿಸಿದಷ್ಟೇ ಶ್ರದ್ಧೆಯಿಂದ ಪರಿಹಾರವನ್ನೂ ತೋರಿಸಬೇಕು.

ಕಳುಹಿಸುವ ಪ್ರತಿಯ ಬಗೆಗೂ ಎಚ್ಚರ ಬೇಕು. ಅಡ್ಡಲಾಗಿ 6000, ಉದ್ದಕ್ಕೆ 4000 ಬಿಂದುಗಳುಳ್ಳ ಚಿತ್ರದಲ್ಲಿ ಒಟ್ಟು 2.4 ಕೋಟಿ ಬಿಂದುಗಳಿರುತ್ತವೆ. ಸಾಧಾರಣ ಪರದೆಯ ಮೇಲೆ ನೋಡಲು ಸುಮಾರು 20 ಲಕ್ಷ ಬಿಂದುಗಳು ಸಾಕು. ಬಳಕೆಯಲ್ಲಿರುವ ಜೆಪೆಗ್ ಪದ್ಧತಿಯು ಚಿತ್ರವನ್ನು 8×8 ಬಿಂದುಗಳ ಚೌಕಗಳಾಗಿ ಒಡೆದು, ಕಣ್ಣಿಗೆ ಅಷ್ಟಾಗಿ ಗೋಚರಿಸದ ಸೂಕ್ಷ್ಮ ವಿವರಗಳನ್ನು ಕೈಬಿಡುತ್ತದೆ. ತಿದ್ದಿ ತಿದ್ದಿ ಉಳಿಸಿದಂತೆಲ್ಲ ನಷ್ಟ ಹೆಚ್ಚುತ್ತದೆ. ಮೂಲವನ್ನು ಮುಟ್ಟದೆ ಕಾಪಾಡಿ, ನಕಲನ್ನು ಮಾತ್ರ ಕಿರಿದುಗೊಳಿಸಿ ಕಳುಹಿಸುವುದು ಕ್ಷೇಮ.

ಆದರೆ ಎಲ್ಲ ವಿವರಗಳನ್ನೂ ಎಲ್ಲರಿಗೂ ತಿಳಿಸುವುದು ಸಲ್ಲದು. ಮೊಬೈಲು ತೆಗೆದ ಚಿತ್ರದೊಳಗೆ ಸ್ಥಳದ ಅಕ್ಷಾಂಶ ರೇಖಾಂಶಗಳೂ ಅಡಗಿರಬಹುದು. ಅಪರೂಪದ ಹಕ್ಕಿಯ ಗೂಡಿನ ಠಾವು ಬೇಟೆಗಾರನಿಗೆ ತಿಳಿದರೆ ಚಿತ್ರವೇ ಆ ಹಕ್ಕಿಗೆ ಮೃತ್ಯುವಾದೀತು. ಮಕ್ಕಳ ಚಿತ್ರಗಳ ವಿಷಯದಲ್ಲಿ ಪೋಷಕರ ಒಪ್ಪಿಗೆ ಪಡೆಯುವುದೂ, ಸ್ಥಳದ ಗುರುತನ್ನು ಅಳಿಸುವುದೂ ಕರ್ತವ್ಯ. ಒಮ್ಮೆ ಕೈಬಿಟ್ಟ ಚಿತ್ರವನ್ನು ಹಿಂದಕ್ಕೆ ಪಡೆಯುವುದು ಅಸಾಧ್ಯವೆಂದೇ ತಿಳಿಯಬೇಕು.

ಹಳೆಯ ವಿದ್ಯಾಸಂಸ್ಥೆಗಳ ಗೋಡೆಗಳ ಮೇಲೆ ಗುರುಶಿಷ್ಯರ ಸಮೂಹ ಚಿತ್ರಗಳು ತೂಗುತ್ತಿರುತ್ತವೆ. ಸಾಲಾಗಿ ಕುಳಿತವರ ಮುಖಗಳು ಸ್ಪಷ್ಟವಾಗಿದ್ದರೂ ಹೆಸರುಗಳು ಮರೆತುಹೋಗಿರುವುದುಂಟು. ಬಲ್ಲ ಹಿರಿಯರು ನಮ್ಮೊಡನಿರುವಾಗಲೇ ಅವರನ್ನು ಕೇಳಿ, ಹೆಸರನ್ನೂ ವರ್ಷವನ್ನೂ ಬರೆದಿಡುವುದು ಹಳೆಯ ವಿದ್ಯಾರ್ಥಿಗಳೂ ಉಪಾಧ್ಯಾಯರೂ ಸೇರಿ ಸಲ್ಲಿಸಬಹುದಾದ ಸೇವೆ. ಅದಕ್ಕೆ ಹಣ ಹೆಚ್ಚು ಬೇಡ; ವಿಳಂಬ ಮಾತ್ರ ಕೂಡದು.