ಇಬ್ಬರ ಜಾಗದಲ್ಲಿ ಮೂವರು

ಮೈಸೂರು ವೈದ್ಯಕೀಯ ಕಾಲೇಜು 1924ರಲ್ಲಿ ಶುರುವಾದದ್ದು ಬೆಂಗಳೂರಿನಲ್ಲಿ. ಮೈಸೂರಿಗೆ ಬಂದದ್ದು 1930ರಲ್ಲಿ. ಇಲ್ಲಿ ಸರ್ಕಾರಿ ಸೀಟು ಸಿಕ್ಕವರಿಗೆಲ್ಲ ಮನೆಯಲ್ಲಿ ಒಂದು ಬುದ್ಧಿಮಾತು ಕಾದಿರುತ್ತದೆ: ಜನರ ದುಡ್ಡಲ್ಲಿ ಡಾಕ್ಟರಾಗ್ತಿದ್ದೀಯ, ಋಣ ಮರೀಬೇಡ. ಮಾತು ಸುಳ್ಳಲ್ಲ. ಸರ್ಕಾರಿ ಕಾಲೇಜಿನ ಎಂಬಿಬಿಎಸ್ ಶುಲ್ಕ ವರ್ಷಕ್ಕೆ ಸುಮಾರು 60 ಸಾವಿರ ರೂಪಾಯಿ. ಖಾಸಗಿ ಕಾಲೇಜಿನ ಖಾಸಗಿ ಕೋಟಾದಲ್ಲಿ ಅದು 10 ಲಕ್ಷ ದಾಟುತ್ತದೆ. ನಾಲ್ಕೂವರೆ ವರ್ಷಕ್ಕೆ 2.7 ಲಕ್ಷ ಎಲ್ಲಿ, 45 ಲಕ್ಷ ಎಲ್ಲಿ!

ಕಲಿಕೆಯ ಋಣವೂ ಉಂಟು. ಕಾಲೇಜಿಗೆ ಸೇರಿದ ಕೆ.ಆರ್. ಆಸ್ಪತ್ರೆಗೆ ಮಂಡ್ಯ, ಚಾಮರಾಜನಗರ, ಕೊಡಗಿನಿಂದಲೂ ರೋಗಿಗಳು ಬರುತ್ತಾರೆ. ಪುಸ್ತಕದ ಕಾಯಿಲೆಗಳು ವಾರ್ಡಿನಲ್ಲೇ ನೋಡಲು ಸಿಗುತ್ತವೆ. ಕಲಿಸುವುದೂ ಆ ಜನಸಂದಣಿಯೇ, ಹೈರಾಣಾಗಿಸುವುದೂ ಅದೇ.

ಇನ್ನು ದುಡಿಮೆಯ ಲೆಕ್ಕ. ರಾಜ್ಯದಲ್ಲಿ ಹೌಸ್‌ಸರ್ಜನ್‌ಗಳ ಸ್ಟೈಪೆಂಡ್ 2020ರಲ್ಲಿ 20 ಸಾವಿರದಿಂದ 30 ಸಾವಿರಕ್ಕೆ, ಮೊದಲ ವರ್ಷದ ಪಿ.ಜಿ. (ಸ್ನಾತಕೋತ್ತರ) ವಿದ್ಯಾರ್ಥಿಗಳದ್ದು 30 ಸಾವಿರದಿಂದ 45 ಸಾವಿರಕ್ಕೆ ಏರಿತು. ಆಮೇಲೆ ನಾಲ್ಕು ವರ್ಷ ಅದೇ ಮೊತ್ತ. 2024ರ ಆಗಸ್ಟ್‌ನಲ್ಲಿ ರೆಸಿಡೆಂಟ್ ವೈದ್ಯರು, ಅಂದರೆ ಈ ಪಿ.ಜಿ.ಗಳು, ಮುಷ್ಕರಕ್ಕೆ ಕೂತ ಮೇಲೆ ಶೇ. 25 ಹೆಚ್ಚಿ 37,500 ಮತ್ತು 56,250 ಆಯಿತು. ಕೇಳಿದರೆ ಕಡಿಮೆಯೇನಲ್ಲ. ಗಂಟೆಗೆ ಹಂಚಿ ನೋಡಿ.

ಕೇಂದ್ರ ಸರ್ಕಾರದ 1992ರ ನಿಯಮದಲ್ಲಿ ರೆಸಿಡೆಂಟ್‌ಗಳ ಡ್ಯೂಟಿ ವಾರಕ್ಕೆ 48 ಗಂಟೆ. ಆ ಪ್ರಕಾರ ಮೊದಲ ವರ್ಷದ ಪಿ.ಜಿ.ಗೆ ಗಂಟೆಗೆ 270 ರೂಪಾಯಿ ಬೀಳುತ್ತದೆ. ವೈದ್ಯಕೀಯ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಬಗ್ಗೆ ರಾಷ್ಟ್ರೀಯ ವೈದ್ಯಕೀಯ ಆಯೋಗ ನೇಮಿಸಿದ ಕಾರ್ಯಪಡೆ 2024ರಲ್ಲಿ ಹೇಳಿದ ಮಿತಿ 74 ಗಂಟೆ. ಆಗ ಗಂಟೆಗೆ 175. ಸುಧಾರಣೆ ಎಂದು ಮುಂದಿಟ್ಟ ಮಿತಿಯೇ ಹಳೆಯ ನಿಯಮಕ್ಕಿಂತ 26 ಗಂಟೆ ಹೆಚ್ಚು! ಮೂರು ವರ್ಷಕ್ಕೆ ಇದು 4,056 ಗಂಟೆಯಾಗುತ್ತದೆ. 48ರ ಲೆಕ್ಕದಲ್ಲಿ 84 ವಾರಕ್ಕೂ ಹೆಚ್ಚು. ಮೂರು ವರ್ಷದ ಕೋರ್ಸಿನ ಹೊಟ್ಟೆಯಲ್ಲಿ ಇನ್ನೂ ಒಂದೂವರೆ ವರ್ಷ ಇದೆ ಎಂದಾಯಿತು.

ಅದೇ ಕಾರ್ಯಪಡೆಯ ಸಮೀಕ್ಷೆಯಲ್ಲಿ ಶೇ. 45ರಷ್ಟು ಪಿ.ಜಿ.ಗಳು ವಾರಕ್ಕೆ 60 ಗಂಟೆಗೂ ಮೀರಿ ದುಡಿಯುವುದಾಗಿ, ಶೇ. 56ರಷ್ಟು ಜನ ವಾರದ ರಜೆಯೇ ಸಿಗುವುದಿಲ್ಲವೆಂದು ಹೇಳಿದ್ದಾರೆ. ಇದಕ್ಕೂ ಮೊದಲು ಆಯೋಗವೇ ಕೊಟ್ಟ ಐದು ವರ್ಷಗಳ ಅಂಕಿಯಲ್ಲಿ, ಓದು ಬಿಟ್ಟುಹೋದ 1,270 ಮಂದಿಯಲ್ಲಿ 1,117 ಮಂದಿ ಪಿ.ಜಿ.ಗಳು. ಇವರೆಲ್ಲ ಬೇಸತ್ತು ಹೋದವರು ಎನ್ನಲಾಗದು. ಬೇರೆ ವಿಭಾಗದ ಸೀಟಿಗಾಗಿ ಬಿಡುವವರೂ ಇರುತ್ತಾರೆ. ಆದರೂ ಎಂಬಿಬಿಎಸ್ ಬಿಟ್ಟವರು ಬರೀ 153.

ಋಣ ಇರುವುದು ರೋಗಿಗೆ, ತೆರಿಗೆ ಕಟ್ಟಿದವರಿಗೆ. ಅದನ್ನು ತೋರಿಸಿ ರಜೆ ಕಿತ್ತುಕೊಳ್ಳುವುದು ಯಾವ ನ್ಯಾಯ? ನಿದ್ದೆಗೆಟ್ಟ ಡಾಕ್ಟರಿಂದ ರೋಗಿಗೂ ಲಾಭವಿಲ್ಲ. ಇಬ್ಬರು 74 ಗಂಟೆಯಂತೆ ದುಡಿದರೆ 148 ಗಂಟೆ. 48ರಂತೆ ಮೂವರಾದರೆ 144. ಹೆಚ್ಚುಕಮ್ಮಿ ಸರಿಹೋಯಿತು. ಮೂರನೆಯವರ ಸ್ಟೈಪೆಂಡ್ ತಿಂಗಳಿಗೆ 56,250 ರೂಪಾಯಿ. ಅದನ್ನು ಈಗಿರುವ ಇಬ್ಬರು ತಲಾ 28,125ರಂತೆ ತಮ್ಮ ನಿದ್ದೆಯಿಂದ ಕಟ್ಟುತ್ತಿದ್ದಾರೆ.