ಹೊಲಿದವರ ಹೊಣೆ ಯಾರದು?

ಢಾಕಾ ನಗರದ ಸಮೀಪ ಸಾವರ್‌ನಲ್ಲಿ ರಾಣಾ ಪ್ಲಾಜಾ ಎಂಬ ಎಂಟು ಅಂತಸ್ತಿನ ಕಟ್ಟಡವಿತ್ತು. 2013ರ ಏಪ್ರಿಲ್ 23ರಂದು ಅದರಲ್ಲಿ ದೊಡ್ಡ ಬಿರುಕುಗಳು ಕಾಣಿಸಿಕೊಂಡವು. ಕೆಳಗಿದ್ದ ಬ್ಯಾಂಕು ತನ್ನ ನೌಕರರನ್ನು ಮನೆಗೆ ಕಳುಹಿಸಿತು. ಮೇಲಿನ ಐದು ಸಿದ್ಧ ಉಡುಪು ಕಾರ್ಖಾನೆಗಳ ಕಾರ್ಮಿಕರು ಮಾತ್ರ ಸಂಬಳ ತಪ್ಪೀತೆಂಬ ಭಯದಿಂದ ಮರುದಿನವೂ ಕೆಲಸಕ್ಕೆ ಬಂದರು. ಬೆಳಿಗ್ಗೆ ಒಂಬತ್ತಾಗುವ ಮೊದಲೇ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತರು. ಅವರು ಹೊಲಿಯುತ್ತಿದ್ದುದು ಯೂರೋಪ್, ಅಮೆರಿಕಗಳ ಅಂಗಡಿಗಳಿಗೆ. ಆಗ ಅಲ್ಲಿನ ಕನಿಷ್ಠ ವೇತನ ತಿಂಗಳಿಗೆ 3,000 ಟಾಕಾ.

ಇಂಥ ಕೆಲಸ ಬಡ ದೇಶಕ್ಕೆ ವರವೋ ಶಾಪವೋ? ಬಾಂಗ್ಲಾದೇಶದಲ್ಲಿ ಈ ಉದ್ಯಮ ಬೇರೂರಿದ್ದು 1979ರ ಸುಮಾರಿಗೆ. ಶ್ರೀಮಂತ ದೇಶಗಳು ಆಮದು ಬಟ್ಟೆಗೆ ಕೋಟಾ ವಿಧಿಸಿದ್ದುದರಿಂದ, ಆ ಕಟ್ಟುಪಾಡಿಲ್ಲದ ನೆಲವನ್ನು ಅರಸಿ ದಕ್ಷಿಣ ಕೊರಿಯದ ದೇವೂ ಕಂಪೆನಿ ಅಲ್ಲಿನ ದೇಶ್ ಗಾರ್ಮೆಂಟ್ಸ್‌ನೊಡನೆ ಕೈಜೋಡಿಸಿತು. ಕ್ರಮೇಣ ಹಳ್ಳಿಗಳ ಲಕ್ಷಾಂತರ ಹೆಣ್ಣುಮಕ್ಕಳು ಮೊದಲ ಬಾರಿಗೆ ಸ್ವಂತ ಸಂಬಳ ಕಂಡರು. ಕೆಟ್ಟ ಕೆಲಸವೂ ಕೆಲಸವಿಲ್ಲದಿರುವುದಕ್ಕಿಂತ ಮೇಲು ಎಂಬ ಅರ್ಥಶಾಸ್ತ್ರಜ್ಞರ ವಾದಕ್ಕೆ ಆಧಾರ ಇದೇ.

ಈ ವಾದವನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಬಾಲಕಾರ್ಮಿಕರು ತಯಾರಿಸಿದ ಸರಕಿನ ಆಮದನ್ನು ನಿಷೇಧಿಸುವ ಮಸೂದೆಯನ್ನು 1992ರಲ್ಲಿ ಸೆನೆಟರ್ ಟಾಮ್ ಹಾರ್ಕಿನ್ ಅಮೆರಿಕದಲ್ಲಿ ಮಂಡಿಸಿದರು. ಅದು ಶಾಸನವಾಗಲಿಲ್ಲ. ಆದರೂ ಬೆದರಿದ ಬಾಂಗ್ಲಾದ ಮಾಲೀಕರು ಸುಮಾರು 50,000 ಮಕ್ಕಳನ್ನು ಕೆಲಸದಿಂದ ಬಿಡಿಸಿದರು. ಅವರಲ್ಲಿ ಅನೇಕರು ಶಾಲೆಗೆ ಹೋಗಲಿಲ್ಲ. ಕಲ್ಲು ಒಡೆಯುವುದಕ್ಕೆ, ಬೀದಿ ವ್ಯಾಪಾರಕ್ಕೆ, ಕೆಲವರು ವೇಶ್ಯಾವಾಟಿಕೆಗೂ ಇಳಿದರೆಂದು ಯುನಿಸೆಫ್ ಮುಂದೆ ವರದಿ ಮಾಡಿತು. ಕೊಳ್ಳುವವರ ಮನಸ್ಸು ಹಗುರವಾಯಿತು, ಮಕ್ಕಳ ಹೊರೆ ಹೆಚ್ಚಿತು.

ಹಾಗೆಂದು ಇದ್ದದ್ದು ಇದ್ದಂತೆಯೇ ಇರಲಿ ಎನ್ನಬೇಕೆ? ಮೂರನೆಯ ದಾರಿಯೊಂದಿದೆ. 1995ರಲ್ಲಿ ಮಾಲೀಕರ ಸಂಘ, ಯುನಿಸೆಫ್ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಸೇರಿ, ಕೆಲಸ ಬಿಡಿಸಿದ ಮಕ್ಕಳಿಗೆ ಶಾಲೆ ಮತ್ತು ತಿಂಗಳಿಗೆ 300 ಟಾಕಾ ಸಹಾಯಧನ ಒದಗಿಸುವ ಒಪ್ಪಂದ ಮಾಡಿಕೊಂಡವು. ರಾಣಾ ಪ್ಲಾಜಾ ದುರಂತದ ನಂತರ, 2013ರ ಮೇ ತಿಂಗಳಲ್ಲಿ, ಇನ್ನೂ ಗಟ್ಟಿಯಾದ ಒಪ್ಪಂದ ಬಂತು. ಅದುವರೆಗೆ ವಿದೇಶಿ ಕಂಪೆನಿಗಳು ತಮ್ಮದೇ ನೀತಿಸಂಹಿತೆ ಬರೆದು ತಪಾಸಣೆ ಮಾಡಿಸುತ್ತಿದ್ದವು. ಕುಸಿದ ಕಟ್ಟಡದ ಕೆಲವು ಕಾರ್ಖಾನೆಗಳಲ್ಲೂ ಅಂಥ ತಪಾಸಣೆ ನಡೆದಿತ್ತು! ಹೊಸ ಒಪ್ಪಂದದಲ್ಲಿ ಕಾರ್ಮಿಕ ಸಂಘಗಳೂ ಸಹಿದಾರರು. ಸ್ವತಂತ್ರ ಎಂಜಿನಿಯರುಗಳು ಕಟ್ಟಡ ಪರೀಕ್ಷಿಸಿ ವರದಿ ಪ್ರಕಟಿಸಬೇಕು, ಮಾತು ತಪ್ಪಿದ ಕಂಪೆನಿಯನ್ನು ಪಂಚಾಯ್ತಿಕೆಗೆ ಎಳೆಯಬಹುದು. 200ಕ್ಕೂ ಹೆಚ್ಚು ಕಂಪೆನಿಗಳು ಸಹಿ ಹಾಕಿದವು. ಸಾವಿರಾರು ಕಾರ್ಖಾನೆಗಳಲ್ಲಿ ದುರಸ್ತಿ ನಡೆಯಿತು; ಉದ್ಯಮವೇನೂ ಓಡಿಹೋಗಲಿಲ್ಲ.

ಕೂಲಿಯ ಪ್ರಶ್ನೆ ಮಾತ್ರ ಬಗೆಹರಿದಿಲ್ಲ. 2023ರಲ್ಲಿ ಕಾರ್ಮಿಕರು 23,000 ಟಾಕಾ ಕೇಳಿ ಬೀದಿಗಿಳಿದರು, ನಿಗದಿಯಾದದ್ದು 12,500. ಕೊಳ್ಳುವ ಕಂಪೆನಿ ಬೆಲೆ ಇಳಿಸುತ್ತಲೇ ಹೋದರೆ ಮಾಲೀಕ ಕೂಲಿಗೇ ಕೈಹಾಕುತ್ತಾನೆ. ಕೆಲಸ ಕೊಟ್ಟದ್ದೇ ಉಪಕಾರ ಎನ್ನುವುದು ಸಾಲದು. ಲಾಭ ಸಮುದ್ರ ದಾಟುವುದಾದರೆ ಹೊಣೆಯೂ ದಾಟಬೇಕು, ಅದೂ ಬರೀ ಮಾತಿನಲ್ಲಲ್ಲ, ಕರಾರಿನಲ್ಲಿ.