ಪಾತ್ರಾಭಿನಯ ಮತ್ತು ನಾಯಕತ್ವದ ಶಿಕ್ಷಣ: ಸಾರವಾಡದ ನೆಲೆಯಿಂದ ಒಂದು ವಿವೇಚನೆ

ನಾಯಕನ ಗುಣಗಳ ಪಟ್ಟಿಯನ್ನು ವಿದ್ಯಾರ್ಥಿಯು ಪರೀಕ್ಷೆಯಲ್ಲಿ ಬರೆಯಬಲ್ಲನು. ಆದರೆ ಭಿನ್ನಮತವನ್ನು ಆಲಿಸಿ ಸಭೆಯನ್ನು ಒಂದು ನಿರ್ಣಯಕ್ಕೆ ತರುವ ಸಾಮರ್ಥ್ಯವು ಅಭ್ಯಾಸದಿಂದಲೇ ಬರಬೇಕು. ಪಾತ್ರಾಭಿನಯವು ಇಂತಹ ಅಭ್ಯಾಸದ ಒಂದು ಕ್ರಮ. 1920ರ ದಶಕದಲ್ಲಿ ಜೆ.ಎಲ್. ಮೊರೆನೊ ಸಿದ್ಧಪಠ್ಯವಿಲ್ಲದ ಅಭಿನಯವನ್ನು ವಿಯೆನ್ನಾದಲ್ಲಿ ಪ್ರಯೋಗಿಸಿದನು. ಇದರ ತತ್ತ್ವ ನಮ್ಮ ಭಾಗಕ್ಕೆ ಅಪರಿಚಿತವಲ್ಲ. ಶ್ರೀಕೃಷ್ಣ ಪಾರಿಜಾತದಲ್ಲಿ ಭಾಗವತನು ಪ್ರಶ್ನಿಸುತ್ತಾನೆ. ಪಾತ್ರಧಾರಿಯು ಸಮಯಸ್ಫೂರ್ತಿಯಿಂದ ಮಾತು ಕಟ್ಟುತ್ತಾನೆ. ತರಗತಿಯಲ್ಲಿ ಅಧ್ಯಾಪಕರ ಸ್ಥಾನವೂ ಭಾಗವತನದೇ.

ವಿಜಯಪುರ ಜಿಲ್ಲೆಯ ಸಾರವಾಡದಂತಹ ಡೋಣಿ ದಂಡೆಯ ಊರಿನ ಗ್ರಾಮಸಭೆಯನ್ನು ಉದಾಹರಣೆಯಾಗಿ ಕಲ್ಪಿಸಿಕೊಳ್ಳಬಹುದು. ಹೊಳೆಯ ನೀರು ಹೊಲಕ್ಕೆ ನುಗ್ಗಿದ ರೈತ, ಕೂಲಿ ಕೇಳುವ ಮಹಿಳೆ, ರಸ್ತೆ ಬಯಸುವ ಅಂಗಡಿಕಾರ, ಅನುದಾನದ ಮಿತಿ ಬಲ್ಲ ಪಂಚಾಯತಿ ಅಭಿವೃದ್ಧಿ ಅಧಿಕಾರಿ, ಅಧ್ಯಕ್ಷೆ: ಹೀಗೆ ಐದು ಪಾತ್ರಗಳು. ಪ್ರತಿಯೊಬ್ಬರಿಗೂ ಅವರ ಬೇಡಿಕೆಯನ್ನೂ ಉಳಿದವರಿಗೆ ತಿಳಿಯದ ಒಂದು ಸಂಗತಿಯನ್ನೂ ಚೀಟಿಯಲ್ಲಿ ಬರೆದುಕೊಡಬೇಕು. 20 ನಿಮಿಷ ಸಭೆ, 30 ನಿಮಿಷ ಚರ್ಚೆ. ಬಳಿಕ ಪಾತ್ರಗಳ ವಿನಿಮಯ. ರೈತನಾಗಿ ಕೋಪಗೊಂಡವನು ಅಧ್ಯಕ್ಷಸ್ಥಾನದಲ್ಲಿ ಕುಳಿತಾಗಲೇ ಹಂಚಿಕೆಯ ಕಷ್ಟ ಅರಿವಾಗುತ್ತದೆ. ಆದ್ದರಿಂದ ಕಲಿಕೆಯ ಸತ್ವವಿರುವುದು ಅಭಿನಯಕ್ಕಿಂತ ವಿನಿಮಯದಲ್ಲಿ ಮತ್ತು ಚರ್ಚೆಯಲ್ಲಿ.

ಇದು ಕನ್ನಡ ವಿಭಾಗದ ಕೆಲಸವೇ ಎಂಬ ಪ್ರಶ್ನೆ ಸಹಜ. ಸಭೆಯಲ್ಲಿ ರೈತನು ಆಡುವುದು ಈ ಸೀಮೆಯ ಆಡುನುಡಿ. ಠರಾವು ಬರೆಯುವುದು ಕಚೇರಿಯ ಕನ್ನಡದಲ್ಲಿ. ಮೊದಲನೆಯದರ ಆಶಯ ಎರಡನೆಯದರಲ್ಲಿ ಕಳೆದುಹೋಗದಂತೆ ನೋಡಿಕೊಳ್ಳುವುದು ನಾಯಕತ್ವದ ಮುಖ್ಯ ಹೊಣೆ. ಹಾಗಾಗಿ ಸಭೆಯ ಕೊನೆಗೆ ಪ್ರತಿ ವಿದ್ಯಾರ್ಥಿಯಿಂದ ಠರಾವು ಬರೆಸಿ, ಅದನ್ನು ರೈತನ ಪಾತ್ರಧಾರಿಗೆ ಓದಿ ಹೇಳಬೇಕು. ತನ್ನ ಮಾತು ಅದರಲ್ಲಿದೆ ಎಂದು ಅವನು ಒಪ್ಪುವುದೇ ಮೌಲ್ಯಮಾಪನದ ಅಳತೆಗೋಲು. ಅಭಿನಯ ಕೌಶಲಕ್ಕೆ ಅಂಕ ಸಲ್ಲದು.

ಒಂದು ಎಚ್ಚರಿಕೆ ಅಗತ್ಯ. ವಿದ್ಯಾರ್ಥಿಯ ಜಾತಿ, ಲಿಂಗ, ಬಡತನವನ್ನು ನೋಡಿ ಪಾತ್ರ ಹಂಚಿದರೆ ಊರಿನ ಶ್ರೇಣಿಯೇ ತರಗತಿಯಲ್ಲಿ ಮರುಕಳಿಸುತ್ತದೆ. ಚೀಟಿ ಎತ್ತಿಸುವುದು ಲೇಸು.

ಕರ್ನಾಟಕದ ಪಂಚಾಯತಿಗಳಲ್ಲಿ ಮಹಿಳಾ ಮೀಸಲಾತಿಯನ್ನು 2010ರಲ್ಲಿ ಶೇ. 50ಕ್ಕೆ ಹೆಚ್ಚಿಸಲಾಯಿತು. ಆದರೂ ಅಧ್ಯಕ್ಷೆಯ ಪರವಾಗಿ ಪತಿಯೇ ಮಾತನಾಡುವ ರೂಢಿ ಪೂರ್ಣವಾಗಿ ಅಳಿದಿಲ್ಲ. 2003ರಲ್ಲಿ ಮಹಿಳಾ ವಿಶ್ವವಿದ್ಯಾಲಯ ಸ್ಥಾಪನೆಗೊಂಡ ವಿಜಯಪುರದಲ್ಲಿ ಈ ಸಂಗತಿಗೆ ವಿಶೇಷ ಮಹತ್ವವಿದೆ. ಕಾಯಿದೆ ಕುರ್ಚಿಯನ್ನು ಕೊಡಬಲ್ಲದು. ಆ ಕುರ್ಚಿಯಿಂದ ಮಾತನಾಡುವ ರೂಢಿಯನ್ನು ತರಗತಿಯೇ ಬೆಳೆಸಬೇಕಾಗಿದೆ.